ನಾಯಿಗೆ ತರಬೇತುದಾರರನ್ನು ಆರಿಸುವುದು ಹೇಗೆ: ಮಂಗಳೂರು, ಉಡುಪಿಯಲ್ಲಿ ನಾಯಿ ಸಾಕಿದವರಿಗೆ

ಪಶುವೈದ್ಯರಾಗಬೇಕಾದರೆ ಐದೂವರೆ ವರ್ಷದ ಪದವಿ ಮುಗಿಸಿ ಪಶುವೈದ್ಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ನಾಯಿಯ ತರಬೇತುದಾರರಾಗಬೇಕಾದರೆ ಮೊಬೈಲ್ ನಂಬರ್ ಬರೆದ ಒಂದು ಬೋರ್ಡು ಸಾಕು. ಈ ಕಸುಬಿಗೆ ನಮ್ಮ ದೇಶದ ಕಾನೂನು ಯಾವ ವಿದ್ಯಾರ್ಹತೆಯನ್ನೂ ನಿಗದಿಪಡಿಸಿಲ್ಲ, ಯಾವ ಪರೀಕ್ಷೆಯನ್ನೂ ಕಡ್ಡಾಯ ಮಾಡಿಲ್ಲ. ಮಂಗಳೂರು, ಉಡುಪಿ, ಮಣಿಪಾಲಗಳಲ್ಲಿ ಫ್ಲ್ಯಾಟುಗಳು ಏರಿದಂತೆ ಅವುಗಳೊಳಗೆ ಲ್ಯಾಬ್ರಡಾರ್, ಬೀಗಲ್‌ಗಳನ್ನು ಸಾಕುವವರೂ ಕಾಣಸಿಗುತ್ತಾರೆ, ಅವರನ್ನು ಹುಡುಕಿಕೊಂಡು ‘ಮನೆಗೇ ಬಂದು ಕಲಿಸುತ್ತೇವೆ’ ಎನ್ನುವವರೂ ಬರುತ್ತಾರೆ. ಇವರಲ್ಲಿ ನಾಯಿಯ ಮನಸ್ಸನ್ನು ಬಲ್ಲ ತಾಳ್ಮೆಯ ಜನರಿದ್ದಾರೆ. ಚೈನು ಜಗ್ಗಿ ಹೆದರಿಸುವುದನ್ನೇ ವಿದ್ಯೆಯೆಂದುಕೊಂಡವರೂ ಇದ್ದಾರೆ. ಇಬ್ಬರ ಕೈಯಲ್ಲಿ ಪಳಗಿದ ನಾಯಿಯೂ ‘ಸಿಟ್’ ಎಂದರೆ ಕೂರುತ್ತದೆ. ಆದ್ದರಿಂದ ನಾಯಿ ಕೂರುವುದನ್ನು ನೋಡಿ ತರಬೇತುದಾರರನ್ನು ಆರಿಸಬಾರದು, ಕೂರುವಂತೆ ಮಾಡಿದ್ದು ಹೇಗೆಂಬುದನ್ನು ನೋಡಿ ಆರಿಸಬೇಕು. ಅದನ್ನು ನಮ್ಮ ಕಣ್ಣೆದುರೇ ಮಾಡಲು ಒಪ್ಪದವರನ್ನು ಬಿಟ್ಟುಬಿಡಬೇಕು.

ತೊಂದರೆ ಏನೆಂದು ಮೊದಲು ಬರೆದುಕೊಳ್ಳಿ

‘ನಮ್ಮ ನಾಯಿ ಹೇಳಿದ್ದು ಕೇಳುವುದಿಲ್ಲ’ ಎಂಬ ದೂರನ್ನು ಮಾತ್ರ ಹಿಡಿದುಕೊಂಡು ಹೋದರೆ, ಎದುರಿನವರು ತಮ್ಮಲ್ಲಿರುವ ಪ್ಯಾಕೇಜನ್ನು ನಿಮಗೆ ಮಾರುತ್ತಾರೆ. ಅದರ ಬದಲು ಒಂದು ವಾರ ಗಮನಿಸಿ, ನಡೆದದ್ದನ್ನು ನಡೆದ ಹಾಗೆಯೇ ಬರೆದಿಡಿ. ಗೇಟು ತೆರೆದ ಕೂಡಲೇ ರಸ್ತೆಗೆ ಓಡುತ್ತದೆ. ಮೀನಿನವರ ಸ್ಕೂಟರಿನ ಹಾರ್ನ್ ಕೇಳಿದರೆ ಕಂಪೌಂಡಿನ ಉದ್ದಕ್ಕೂ ಬೊಗಳುತ್ತದೆ. ಬಂದ ನೆಂಟರ ಮೈಮೇಲೆ ಎಗರುತ್ತದೆ. ಮೇ ತಿಂಗಳ ಸಿಡಿಲಿಗೆ ಮಂಚದಡಿ ನುಗ್ಗಿ ನಡುಗುತ್ತದೆ. ಅನ್ನದ ಬಟ್ಟಲಿನ ಬಳಿ ಮಕ್ಕಳು ಸುಳಿದರೆ ಗುರುಗುಟ್ಟುತ್ತದೆ. ಇವೆಲ್ಲ ಒಂದೇ ಬಗೆಯ ತೊಂದರೆಗಳಲ್ಲ. ಮೊದಲ ಮೂರು ಸಾಮಾನ್ಯವಾಗಿ ರೂಢಿ ಮಾಡಿಸುವ ವಿಷಯಗಳು. ನಾಲ್ಕನೆಯದು ಭಯ, ಐದನೆಯದು ಕಚ್ಚುವಲ್ಲಿಗೆ ಮುಟ್ಟಬಹುದಾದದ್ದು. ಇವೆರಡಕ್ಕೂ ಬೇಕಾದ ಅನುಭವ ಬೇರೆ. ಹಗ್ಗದಲ್ಲಿ ಸರಿಯಾಗಿ ನಡೆಯುವುದನ್ನು ಚೆನ್ನಾಗಿ ಕಲಿಸುವವರು ಕಚ್ಚುವ ನಾಯಿಯನ್ನೂ ನಿಭಾಯಿಸಬಲ್ಲರೆಂದು ಊಹಿಸಿಕೊಳ್ಳಬಾರದು.

ಕೆಲವು ದೂರುಗಳಿಗೆ ತರಬೇತುದಾರರೇ ಬೇಡ. ಹಗಲಿಡೀ ಗೂಡಿನಲ್ಲೋ ಚೈನಿನಲ್ಲೋ ಇಟ್ಟು ರಾತ್ರಿ ಮಾತ್ರ ಅಂಗಳಕ್ಕೆ ಬಿಡುವ ವಾಡಿಕೆ ನಮ್ಮ ತೋಟದ ಮನೆಗಳಲ್ಲಿ ಇಂದಿಗೂ ಇದೆ. ಅಂಥ ನಾಯಿ ಬೊಗಳುವುದು, ಗಿಡದ ಬುಡ ಅಗೆಯುವುದು, ಬಿಟ್ಟ ಕ್ಷಣ ಹುಚ್ಚೆದ್ದು ಓಡುವುದು ಅವಿಧೇಯತೆಯಿಂದಲ್ಲ. ಅದಕ್ಕೆ ಬೇಕಾದದ್ದು ದಿನಕ್ಕೆರಡು ಬಾರಿ ಹೊರಗಿನ ನಡಿಗೆ ಮತ್ತು ಮನೆಯವರ ಒಡನಾಟ. ಸದಾ ಕಟ್ಟಿಹಾಕಿದ ಅಥವಾ ಗೂಡಿನಲ್ಲಿಟ್ಟ ನಾಯಿಗೆ ಸಾಕಷ್ಟು ಓಡಾಟ ಕೊಡದೆ ನಿರ್ಲಕ್ಷಿಸುವುದನ್ನು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆಯ 11ನೆಯ ಸೆಕ್ಷನ್ ಮಾಲೀಕರ ಅಪರಾಧವೆಂದೇ ಹೇಳುತ್ತದೆ. ತರಬೇತುದಾರರು ಮನೆಗೆ ಬಂದವರೇ ಈ ಚೈನಿನ ವಿಷಯವನ್ನು ಎತ್ತಿ, ನಿಮಗೆ ಸ್ವಲ್ಪ ಮುಜುಗರವಾಗುವಂತೆ ಪ್ರಶ್ನೆ ಕೇಳಿದರೆ ಅದನ್ನು ಒಳ್ಳೆಯ ಲಕ್ಷಣವೆಂದೇ ತಿಳಿಯಿರಿ.

ಪಶುವೈದ್ಯರನ್ನು ಕಾಣದೆ ಮುಂದುವರಿಯಬೇಡಿ

ನಾಯಿಯ ಸ್ವಭಾವ ಇದ್ದಕ್ಕಿದ್ದಂತೆ ಬದಲಾದಾಗ, ಅಂದರೆ ನಿನ್ನೆಯವರೆಗೆ ಸಾಧುವಾಗಿದ್ದದ್ದು ಇಂದು ತಲೆ ಮುಟ್ಟಿದರೆ ಕಚ್ಚಲು ಬಂದಾಗ, ಮೊದಲು ಸಂಶಯಪಡಬೇಕಾದದ್ದು ನೋವನ್ನು. ನಮ್ಮ ಮಳೆಗಾಲದ ತೇವದಲ್ಲಿ ಜೋಲುಕಿವಿಯ ತಳಿಗಳಿಗೆ ಕಿವಿಯೊಳಗಿನ ಸೋಂಕು ಸುಲಭವಾಗಿ ತಗಲುತ್ತದೆ. ಉಣುಗಿನಿಂದ ಬರುವ ಜ್ವರವೂ ಇಲ್ಲಿ ಹೊಸತಲ್ಲ. ದೊಡ್ಡ ತಳಿಗಳಿಗೆ ಸೊಂಟದ ಕೀಲಿನ ನೋವು ಇರುವುದುಂಟು. ಸೊಂಟ ನೋಯುವ ನಾಯಿಯನ್ನು ನೂರು ಸಲ ‘ಸಿಟ್’ ಎಂದು ಕೂರಿಸಿದರೆ ಅದು ಕಲಿಯುವುದು ತರಬೇತುದಾರರನ್ನು ದ್ವೇಷಿಸುವುದನ್ನು ಮಾತ್ರ. ‘ವೈದ್ಯರಿಗೆ ತೋರಿಸಿದ್ದೀರಾ, ಚುಚ್ಚುಮದ್ದುಗಳು ಆಗಿವೆಯೇ’ ಎಂದು ಮೊದಲ ಮಾತಿನಲ್ಲೇ ಕೇಳುವವರನ್ನು ನಿಮ್ಮ ಪಟ್ಟಿಯಲ್ಲಿ ಮೇಲಕ್ಕೆ ಏರಿಸಿ. ರೇಬೀಸ್ ಚುಚ್ಚುಮದ್ದಿನ ಜೊತೆಗೆ, ಮಳೆನೀರು ನಿಲ್ಲುವ ನಮ್ಮ ಜಿಲ್ಲೆಗಳಲ್ಲಿ ಇಲಿಜ್ವರದ ಚುಚ್ಚುಮದ್ದಿನ ಬಗ್ಗೆಯೂ ವೈದ್ಯರಲ್ಲಿ ವಿಚಾರಿಸಿ, ಏಕೆಂದರೆ ತರಗತಿಗೆಂದು ನಾಯಿ ನಾಲ್ಕು ಕಡೆ ಓಡಾಡುತ್ತದೆ, ಸಿಕ್ಕಿದ ನೀರಿಗೆ ಬಾಯಿ ಹಾಕುತ್ತದೆ.

ಮರಿಯಾದರೆ ಆರು ತಿಂಗಳು ಕಾಯಬೇಡಿ

‘ಆರು ತಿಂಗಳು ತುಂಬಲಿ, ಆಮೇಲೆ ಟ್ರೈನಿಂಗ್ ಶುರು ಮಾಡೋಣ’ ಎಂಬ ಮಾತು ಹಳೆಯ ಕಾಲದ್ದು. ಕುತ್ತಿಗೆಗೆ ಬಿಗಿಯುವ ಚೈನು ಹಾಕಿ ಜಗ್ಗುವ ಪದ್ಧತಿಯನ್ನು ಎಳೆಯ ಮರಿ ತಾಳದು ಎಂಬ ಕಾರಣಕ್ಕೆ ಕಾಯಬೇಕಾಗಿತ್ತು. ತಿಂಡಿ ಕೊಟ್ಟು ಕಲಿಸುವುದಾದರೆ ಕಾಯಬೇಕಾದ ಅಗತ್ಯವಿಲ್ಲ. ಮರಿಯು ಮನುಷ್ಯರು, ಸದ್ದು, ವಾಹನ, ಬೇರೆ ಪ್ರಾಣಿಗಳನ್ನೆಲ್ಲ ‘ಇದು ನನ್ನ ಲೋಕದ್ದೇ’ ಎಂದು ಒಪ್ಪಿಕೊಳ್ಳುವ ಹೊತ್ತು ಹುಟ್ಟಿದ ಮೂರನೆಯ ವಾರದಿಂದ ಸುಮಾರು 12–14 ವಾರಗಳವರೆಗೆ ಮಾತ್ರ. ಅಮೆರಿಕದ ಪಶು ವರ್ತನಾ ವೈದ್ಯರ ಸಂಘವು, ಮೊದಲ ಸುತ್ತಿನ ಚುಚ್ಚುಮದ್ದು ಆಗಿ ಕನಿಷ್ಠ ಏಳು ದಿನ ಕಳೆದಿದ್ದು ಹುಳದ ಔಷಧಿಯನ್ನೂ ಕೊಟ್ಟಿದ್ದರೆ ಏಳೆಂಟು ವಾರದ ಮರಿಗೂ ತರಗತಿ ಆರಂಭಿಸಬಹುದೆಂದು ಹೇಳುತ್ತದೆ.

ಬೇರೆ ನಾಯಿಗಳಿಂದ ಹರಡಿ ಮರಿಗಳ ಜೀವವನ್ನೇ ತೆಗೆಯಬಲ್ಲ ಪಾರ್ವೊ ರೋಗದ ಹೆದರಿಕೆ ನಿಜವಾದದ್ದೇ. ಹಾಗಾಗಿ ಚುಚ್ಚುಮದ್ದುಗಳು ಮುಗಿಯುವವರೆಗೆ ಬೀದಿನಾಯಿಗಳು ಓಡಾಡುವ ನೆಲದ ಮೇಲೆ ಮರಿಯನ್ನು ಬಿಡಬೇಡಿ, ಎತ್ತಿಕೊಂಡು ಹೋಗಿ. ಸಂಜೆ ಮಲ್ಪೆ ಕಡಲತೀರದ ಜನಸಂದಣಿಯನ್ನು ದೂರದಿಂದ, ಕಂಕನಾಡಿಯ ಬಸ್ಸುಗಳ ಗದ್ದಲವನ್ನು ಕಾರಿನೊಳಗಿನಿಂದ, ಯಕ್ಷಗಾನದ ಚೆಂಡೆಯ ಪೆಟ್ಟನ್ನು ಇನ್ನೂ ದೂರದಿಂದ ಅದಕ್ಕೆ ಪರಿಚಯಿಸಿ, ಪ್ರತಿ ಸದ್ದಿನ ಜೊತೆಗೂ ಬಾಯಿಗೊಂದು ತುಣುಕು ಕೊಡಿ. ಮರಿ ಹೆದರಿ ಮುದುಡಿಕೊಂಡರೆ ತಕ್ಷಣ ಹಿಂದಕ್ಕೆ ಬನ್ನಿ. ಇಷ್ಟನ್ನು ನಿಮಗೆ ಹೇಳಿಕೊಡದೆ ‘ಆರು ತಿಂಗಳಾದ ಮೇಲೆ ಫೋನ್ ಮಾಡಿ’ ಎನ್ನುವವರಿಗೆ ಮತ್ತೆ ಫೋನ್ ಮಾಡಬೇಕಾಗಿಲ್ಲ.

ಹೆಸರುಗಳನ್ನು ಎಲ್ಲಿಂದ ಪಡೆಯಬೇಕು

ನಿಮ್ಮ ಪಶುವೈದ್ಯರನ್ನು ಕೇಳಿ. ಆದರೆ ‘ಯಾರಾದರೂ ಇದ್ದಾರಾ’ ಎಂದಲ್ಲ, ‘ಯಾರಲ್ಲಿ ಕಲಿತ ನಾಯಿಗಳು ನಿಮ್ಮ ಮೇಜಿನ ಮೇಲೆ ಹೆದರದೆ ನಿಲ್ಲುತ್ತವೆ’ ಎಂದು ಕೇಳಿ. ಚಿಕಿತ್ಸಾಲಯದ ಸಹಾಯಕರನ್ನೂ ನಾಯಿಗಳ ಸ್ನಾನ, ಕೂದಲು ಕತ್ತರಿಸುವ ಅಂಗಡಿಯವರನ್ನೂ ಇದೇ ರೀತಿ ವಿಚಾರಿಸಬಹುದು. ದಿನವೂ ನಾಯಿಗಳ ಮೈಮುಟ್ಟುವ ಇವರಿಗೆ, ಯಾವ ನಾಯಿ ಕೈ ಎತ್ತಿದರೆ ಬೆದರುತ್ತದೆಂಬುದು ಗೊತ್ತಿರುತ್ತದೆ. ಬೆಳಿಗ್ಗೆ ಕದ್ರಿಯ ಕಡೆಯೋ ಮಣಿಪಾಲದ ರಸ್ತೆಗಳಲ್ಲೋ ನಾಯಿಯೊಂದಿಗೆ ನಡೆಯುವವರಲ್ಲಿ, ಹಗ್ಗ ಸಡಿಲವಾಗಿ ಜೋಲುತ್ತಿದ್ದರೂ ನಾಯಿ ಪಕ್ಕದಲ್ಲೇ ಬರುತ್ತಿರುವುದನ್ನು ಕಂಡರೆ ನಿಲ್ಲಿಸಿ ಮಾತಾಡಿ.

ಸಾಮಾಜಿಕ ಜಾಲತಾಣದ ವಿಡಿಯೊಗಳನ್ನು ಸದ್ದು ನಿಲ್ಲಿಸಿ ನೋಡುವುದು ಒಳ್ಳೆಯದು. ಹಿನ್ನೆಲೆ ಸಂಗೀತ ಹೋದ ಮೇಲೆ ನಾಯಿಯ ಬಾಲವೂ ಕಿವಿಯೂ ಚೆನ್ನಾಗಿ ಕಾಣುತ್ತವೆ. ಪ್ರಮಾಣಪತ್ರಗಳ ವಿಷಯದಲ್ಲಿ, ಕೊಟ್ಟವರು ಯಾರು, ಕಲಿಕೆ ಎಷ್ಟು ಕಾಲದ್ದು, ಪರೀಕ್ಷೆ ಇತ್ತೇ ಎಂದು ಕೇಳಿ. ವಾರಾಂತ್ಯದ ಶಿಬಿರದಲ್ಲಿ ಹಾಜರಿದ್ದವರಿಗೆಲ್ಲ ಹಂಚುವ ಕಾಗದಕ್ಕೂ ಪರೀಕ್ಷೆ ಬರೆದು ಪಡೆದ ಅರ್ಹತೆಗೂ ಬಹಳ ಅಂತರವಿದೆ, ಗೋಡೆಯ ಮೇಲೆ ಎರಡೂ ಒಂದೇ ಥರ ಕಂಡರೂ.

‘ನಾನು ಪೊಲೀಸ್ ಡಾಗ್ ಸ್ಕ್ವಾಡಿನಲ್ಲಿದ್ದೆ’, ‘ಮಿಲಿಟರಿಯಲ್ಲಿ ನಾಯಿ ನೋಡಿಕೊಳ್ಳುತ್ತಿದ್ದೆ’ ಎನ್ನುವವರ ಬಗ್ಗೆ ನಮ್ಮವರಿಗೆ ವಿಶೇಷ ಗೌರವ. ಗೌರವ ಇರಲಿ, ಆದರೆ ಆ ಕೆಲಸಕ್ಕೆ ಆಯ್ದ ತಳಿಯ, ಆಯ್ದ ಸ್ವಭಾವದ ನಾಯಿಗಳಿಗೆ ಇಡೀ ದಿನ ಒಬ್ಬ ಹ್ಯಾಂಡ್ಲರ್ ಇರುತ್ತಾರೆ, ನಿಮ್ಮ ಮನೆಯಲ್ಲಿರುವುದು ಸೋಫಾದ ಮೇಲೆ ಮಲಗುವ ನಾಯಿ, ಅದರ ಸುತ್ತ ಅಜ್ಜಿ, ಮಕ್ಕಳು, ಕೆಲಸದವರು. ತಮಾಷೆಯೆಂದರೆ, ಬಾಂಬು ಪತ್ತೆಹಚ್ಚುವ ನಾಯಿಗಳು ದುಡಿಯುವುದು ಹೆಚ್ಚಾಗಿ ಒಂದು ಚೆಂಡಿನಾಟದ ಆಸೆಗೆ. ಸಮವಸ್ತ್ರದ ಹೆಸರು ಹೇಳಿಕೊಂಡು ಹೊಡೆತವನ್ನು ಸಮರ್ಥಿಸುವವರಿಗೆ ಈ ಮಾತನ್ನು ನೆನಪಿಸಬಹುದು.

ಫೋನಿನಲ್ಲೇ ಕೇಳಬೇಕಾದದ್ದು

ಶುಲ್ಕ ಎಷ್ಟೆಂದು ಕೇಳುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಬಿಡಿ. ನಮ್ಮ ನಾಯಿ ಸರಿಯಾಗಿ ಮಾಡಿದಾಗ ನೀವು ಏನು ಮಾಡುತ್ತೀರಿ? ತಪ್ಪು ಮಾಡಿದಾಗ ಏನು ಮಾಡುತ್ತೀರಿ? ಮೊದಲನೆಯದಕ್ಕೆ ‘ಬಾಯಿಗೆ ಇಷ್ಟದ ತಿಂಡಿ, ಆಟ, ಹೊಗಳಿಕೆ’ ಎಂಬಂಥ ಉತ್ತರ ಬರಬೇಕು. ಎರಡನೆಯದಕ್ಕೆ ‘ತಿಂಡಿ ಸಿಗುವುದಿಲ್ಲ; ಪಾಠವನ್ನು ಇನ್ನೂ ಸುಲಭ ಮಾಡಿ ಮತ್ತೊಮ್ಮೆ ಪ್ರಯತ್ನಿಸುತ್ತೇನೆ’ ಎನ್ನುವವರು ಕಸುಬು ತಿಳಿದವರು. ‘ಕರೆಕ್ಷನ್ ಕೊಡುತ್ತೇವೆ’ ಎಂದರೆ ಅಲ್ಲಿಗೇ ಬಿಡದೆ, ‘ಅಂದರೆ ಕೈಯಲ್ಲಿ ಏನು ಮಾಡುತ್ತೀರಿ’ ಎಂದು ಕೇಳಿ. ಚೈನಿನ ಜಗ್ಗುವಿಕೆ, ಬೆನ್ನಿನ ಮೇಲೆ ಒತ್ತಿ ಮಲಗಿಸುವುದು, ಮೂತಿಗೆ ತಟ್ಟುವುದು, ಕಿವಿ ಹಿಂಡುವುದು, ಇವೆಲ್ಲ ಆ ಒಂದು ನಯವಾದ ಮಾತಿನ ಹಿಂದೆ ಅಡಗಿರುತ್ತವೆ. ‘ಅದೆಲ್ಲ ನಮ್ಮ ಟೆಕ್ನಿಕ್, ಹೇಳಲಾಗುವುದಿಲ್ಲ’ ಎಂಬ ಉತ್ತರ ಬಂದರೆ ಮಾತು ಮುಗಿಸಿ.

‘21 ದಿನಗಳಲ್ಲಿ ಗ್ಯಾರಂಟಿ’ ಎಂಬುದೂ ಅಷ್ಟೇ ಅನುಮಾನದ ಮಾತು. ಜೀವವಿರುವ ಪ್ರಾಣಿಯ ವರ್ತನೆಗೆ, ಅದೂ ತಾವಿನ್ನೂ ನೋಡದ ನಾಯಿಯ ವರ್ತನೆಗೆ, ಯಾರೂ ಗ್ಯಾರಂಟಿ ಕೊಡಲಾರರು. ತಿಳಿದವರು ನಾಯಿಯ ವಯಸ್ಸು, ತಳಿ, ಮಲಗುವ ಜಾಗ, ಹಿಂದೆ ಯಾರನ್ನಾದರೂ ಕಚ್ಚಿದೆಯೇ, ಎಷ್ಟು ಹೊತ್ತು ಒಂಟಿಯಾಗಿರುತ್ತದೆ ಎಂದೆಲ್ಲ ಕೇಳಿಯೇ ಏನಾದರೂ ಹೇಳುತ್ತಾರೆ.

ಒಂದು ತರಗತಿಯನ್ನು ನಾಯಿಯಿಲ್ಲದೆ ಹೋಗಿ ನೋಡಿ

ಇದು ಉಳಿದೆಲ್ಲ ಹಂತಗಳಿಗಿಂತ ಮುಖ್ಯವಾದದ್ದು. ನಿಮ್ಮ ನಾಯಿಯನ್ನು ಮನೆಯಲ್ಲೇ ಬಿಟ್ಟು, ಅವರು ಬೇರೆಯವರ ನಾಯಿಗೆ ಕಲಿಸುವುದನ್ನು ಅರ್ಧ ಗಂಟೆ ನೋಡಲು ಅನುಮತಿ ಕೇಳಿ. ಹೋದ ಮೇಲೆ ತರಬೇತುದಾರರನ್ನು ನೋಡುತ್ತ ನಿಲ್ಲಬೇಡಿ, ನಾಯಿಯನ್ನು ನೋಡಿ.

ಒಳ್ಳೆಯ ಕೈಯಲ್ಲಿ ‘ಸಿಟ್’ ಕಲಿಯುವುದು ಹೀಗಿರುತ್ತದೆ. ಬೇಯಿಸಿದ ಕೋಳಿಯ ಸಣ್ಣ ಎಳೆಯೊಂದನ್ನು ಬೆರಳ ತುದಿಯಲ್ಲಿ ಹಿಡಿದು ನಾಯಿಯ ಮೂಗಿನ ಮುಂದಿನಿಂದ ನಿಧಾನವಾಗಿ ತಲೆಯ ಮೇಲಕ್ಕೆ ಒಯ್ಯುತ್ತಾರೆ. ಮೂಗು ಮೇಲೇರಿದಂತೆ ಹಿಂಭಾಗ ತಾನಾಗಿ ಅಂಗಳದ ಇಂಟರ್‌ಲಾಕ್ ನೆಲಕ್ಕೆ ತಗಲುತ್ತದೆ. ತಗಲಿದ ಕ್ಷಣದಲ್ಲೇ ‘ಯೆಸ್’ ಎಂಬ ಮಾತೋ, ಕ್ಲಿಕ್ಕರ್ ಎಂಬ ಕೈಯಲ್ಲಿ ಒತ್ತುವ ಪುಟ್ಟ ಸಾಧನದ ಟಿಕ್ ಸದ್ದೋ, ಅದರ ಬೆನ್ನಿಗೇ ತುಣುಕು ಬಾಯಿಗೆ. ಕೈ ಎಲ್ಲೂ ಮೈಗೆ ತಾಗುವುದಿಲ್ಲ. ಕೆಲವು ಸಲ ಹೀಗಾದ ಮೇಲೆಯೇ ‘ಸಿಟ್’ ಎಂಬ ಶಬ್ದ ಬರುತ್ತದೆ. ತುಣುಕು ಕೊಡುವುದು ನಾಲ್ಕೈದು ಸೆಕೆಂಡು ತಡವಾದರೆ ನಾಯಿ ಆಗಲೇ ಎದ್ದಿರುತ್ತದೆ, ಎದ್ದದ್ದಕ್ಕೇ ಬಹುಮಾನ ಸಿಕ್ಕಿತೆಂದು ತಿಳಿಯುತ್ತದೆ. ಈ ಹೊತ್ತುಗಾರಿಕೆಯೇ ಕಸುಬಿನ ನಿಜವಾದ ಕೌಶಲ. ಅದನ್ನು ನೋಡಿದವರು ಗುರುತಿಸಬಹುದು, ತರಬೇತಿಯ ಅನುಭವ ಬೇಕಿಲ್ಲ.

ಕೆಟ್ಟ ಕೈಯಲ್ಲಿ ನಾಯಿ ಕೂರುವುದು ಇನ್ನೂ ಬೇಗ ಆಗುತ್ತದೆ, ಅದೇ ಮೋಸ. ಒಂದು ಕೈ ಚೈನನ್ನು ಮೇಲಕ್ಕೆ ಎಳೆಯುತ್ತದೆ, ಇನ್ನೊಂದು ಸೊಂಟವನ್ನು ಅದುಮುತ್ತದೆ. ನಾಯಿ ಕೂರುತ್ತದೆ, ಆದರೆ ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ಕಿವಿ ಹಿಂದಕ್ಕೆ ಅಂಟಿರುತ್ತದೆ, ಮುಖ ತಿರುಗಿಸಿ ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಯಾಗಿ ನೋಡುತ್ತದೆ, ಬಾಲ ಕಾಲುಗಳ ನಡುವೆ ಸೇರಿರುತ್ತದೆ. ಇದನ್ನೇ ತೋರಿಸಿ ‘ನೋಡಿ, ಎಷ್ಟು ಶಾಂತವಾಯಿತು’ ಎನ್ನುವವರಿದ್ದಾರೆ. 1967ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್, ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಕ್ಕೆ ಒಳಗಾದ ನಾಯಿಗಳು ಆಮೇಲೆ ತಪ್ಪಿಸಿಕೊಳ್ಳುವ ದಾರಿ ಇದ್ದಾಗಲೂ ಪ್ರಯತ್ನಿಸದೆ ಸಹಿಸಿಕೊಂಡು ಬಿದ್ದಿರುವುದನ್ನು ತೋರಿಸಿದರು. ಆಸೆ ಕಳೆದುಕೊಂಡ ನಾಯಿಯೂ ಸದ್ದು ಮಾಡುವುದಿಲ್ಲ. ಪೋರ್ಚುಗಲಿನಲ್ಲಿ 92 ಸಾಕುನಾಯಿಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶಿಕ್ಷೆಯ ಪದ್ಧತಿಯನ್ನು ಹೆಚ್ಚಾಗಿ ಬಳಸುವ ಶಾಲೆಗಳ ನಾಯಿಗಳಲ್ಲಿ ತರಗತಿಯ ವೇಳೆ ಒತ್ತಡದ ಚಿಹ್ನೆಗಳೂ ತರಗತಿಯ ಬಳಿಕ ಎಂಜಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನಿನ ಏರಿಕೆಯೂ ಹೆಚ್ಚಾಗಿ ಕಂಡವು.

ತರಗತಿಯಲ್ಲಿ ‘ನೀವು ಆಲ್ಫಾ, ಅಂದರೆ ಹಿಂಡಿನ ಯಜಮಾನ, ಆಗಬೇಕು, ಇಲ್ಲದಿದ್ದರೆ ನಾಯಿ ನಿಮ್ಮ ಮೇಲೆ ಯಜಮಾನಿಕೆ ಮಾಡುತ್ತದೆ’ ಎಂಬ ಮಾತು ಕೇಳಿಬಂದರೆ ಅದರ ಮೂಲ ತಿಳಿದಿರಲಿ. ಕೂಡಿಹಾಕಿದ ತೋಳಗಳ ಜಗಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ ಎಂಬವರು 1947ರಲ್ಲಿ ಬರೆದ ಪ್ರಬಂಧದಿಂದ ಈ ಕಲ್ಪನೆ ಹಬ್ಬಿತು. ಕಾಡಿನ ತೋಳಗಳನ್ನು ದಶಕಗಳ ಕಾಲ ಅಭ್ಯಸಿಸಿದ ಡೇವಿಡ್ ಮೆಕ್, ತಾವೇ ಹಿಂದೆ ಪ್ರಚಾರ ಮಾಡಿದ್ದ ಈ ಮಾತನ್ನು 1999ರಲ್ಲಿ ತಿದ್ದಿ, ಹಿಂಡು ಎಂದರೆ ಬಹುತೇಕ ತಂದೆ, ತಾಯಿ ಮತ್ತು ಅವರ ಮರಿಗಳ ಕುಟುಂಬ ಎಂದರು. ನಾಯಿಯನ್ನು ಅಂಗಾತ ಕೆಡವಿ ಒತ್ತಿಹಿಡಿಯುವುದಕ್ಕೆ ತೋಳದ ಹೆಸರು ಹೇಳುವವರು ಇನ್ನೂ ಹಳೆಯ ಪಾಠದಲ್ಲೇ ಇದ್ದಾರೆ. ಗುರುಗುಟ್ಟಿದ್ದಕ್ಕೆ ಹೊಡೆಯುವುದು ಎಲ್ಲಕ್ಕಿಂತ ಅಪಾಯದ್ದು: ಆ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ, ಸಿಟ್ಟನ್ನು ಬಿಡುವುದಿಲ್ಲ, ಮುಂದಿನ ಸಲ ಎಚ್ಚರಿಕೆಯಿಲ್ಲದೆ ಕಚ್ಚುತ್ತದೆ, ಕಚ್ಚಿಸಿಕೊಳ್ಳುವವರು ತರಬೇತುದಾರರಲ್ಲ, ಮನೆಯ ಮಗು.

ಸಾಮಾನುಗಳಿಗೆ ಒಂದು ಮಾತು: ಅಗಲವಾದ ಸಾದಾ ಕೊರಳ ಬೆಲ್ಟ್ ಅಥವಾ ಎದೆಗೆ ಕಟ್ಟುವ ಹಾರ್ನೆಸ್, ಆರಡಿಯ ಹಗ್ಗ, ಸೊಂಟಕ್ಕೊಂದು ತಿಂಡಿಯ ಚೀಲ ಇದ್ದರೆ ಸಾಕು. ಬಿಗಿಯುವ ಚೋಕ್ ಚೈನ್, ಒಳಮುಖವಾಗಿ ಮುಳ್ಳುಗಳಿರುವ ಕಾಲರ್, ರಿಮೋಟಿನ ಶಾಕ್ ಕಾಲರ್ ಕಂಡರೆ ಹಿಂತಿರುಗಿ ಬನ್ನಿ, ‘ಇದು ಶಾಕ್ ಅಲ್ಲ, ಬರೀ ವೈಬ್ರೇಷನ್’ ಎಂಬ ಸಮಾಧಾನಕ್ಕೆ ಕಿವಿಗೊಡಬೇಡಿ.

ನಾಯಿಯನ್ನು ಬಿಟ್ಟುಬರುವ ವ್ಯವಸ್ಥೆ

ತಿಂಗಳುಗಟ್ಟಲೆ ತಮ್ಮಲ್ಲೇ ಇಟ್ಟುಕೊಂಡು ‘ರೆಡಿ ಮಾಡಿ’ ಕೊಡುತ್ತೇವೆ ಎನ್ನುವ ಕೇಂದ್ರಗಳು ಗಲ್ಫಿನಲ್ಲಿ ದುಡಿಯುವವರಿಗೂ ಇಡೀ ದಿನ ಕಚೇರಿಯಲ್ಲಿರುವವರಿಗೂ ಆಕರ್ಷಕವಾಗಿ ಕಾಣುತ್ತವೆ. ನನ್ನ ಅಭಿಪ್ರಾಯದಲ್ಲಿ ಇದು ಕೊನೆಯ ಆಯ್ಕೆಯಾಗಬೇಕು. ಅಲ್ಲಿ ಏನು ನಡೆಯುತ್ತದೆಂದು ನಿಮಗೆ ಕಾಣುವುದಿಲ್ಲ. ಕಲಿತದ್ದು ಆ ಜಾಗಕ್ಕೂ ಆ ಮನುಷ್ಯನಿಗೂ ಅಂಟಿಕೊಂಡಿರುತ್ತದೆ. ಮನೆಗೆ ಬಂದ ಮೇಲೆ ನೀವು ಕಲಿಯದೆ ಇರುವುದರಿಂದ ಕೆಲವೇ ವಾರಗಳಲ್ಲಿ ಹಳೆಯದೇ ಮರಳುತ್ತದೆ. ಬಿಡಲೇಬೇಕಾದ ಅನಿವಾರ್ಯವಿದ್ದರೆ, ಮುಂಚಿತವಾಗಿ ತಿಳಿಸದೆ ಬಂದು ನೋಡುವ ಹಕ್ಕನ್ನು ಮಾತಿನಲ್ಲಿ ಖಚಿತಪಡಿಸಿಕೊಳ್ಳಿ ಮತ್ತು ಒಮ್ಮೆಯಾದರೂ ಹಾಗೆ ಹೋಗಿ. ಮಳೆಗಾಲದಲ್ಲಿ ಗೂಡಿನ ನೆಲ ಒಣಗಿದೆಯೇ, ಮಲಗಲು ಎತ್ತರದ ಹಲಗೆ ಇದೆಯೇ, ಎಷ್ಟು ನಾಯಿಗಳಿಗೆ ಎಷ್ಟು ಮಂದಿ ಇದ್ದಾರೆ, ರಾತ್ರಿ ಯಾರಿರುತ್ತಾರೆ, ಕಾಯಿಲೆಯಾದರೆ ಯಾವ ಪಶುವೈದ್ಯರು ಬರುತ್ತಾರೆ ಎಂದು ನೋಡಿ, ಕೇಳಿ. ಬಿಡುವ ದಿನವೂ ಕರೆತರುವ ದಿನವೂ ತೂಕ ಹಾಕಿಸಿ, ಕುತ್ತಿಗೆಯ ರೋಮ ಸರಿಸಿ ಚರ್ಮ ನೋಡಿ ಫೋಟೊ ತೆಗೆದಿಡಿ.

ಮನೆಯವರ ಪಾಲು

ಒಳ್ಳೆಯ ತರಬೇತುದಾರರು ನಾಯಿಗಿಂತ ಹೆಚ್ಚಾಗಿ ನಿಮಗೆ ಕಲಿಸುತ್ತಾರೆ. ಹತ್ತು ನಿಮಿಷ ತಾವು ಮಾಡಿ ತೋರಿಸಿ, ಹಗ್ಗವನ್ನು ನಿಮ್ಮ ಕೈಗೆ ಕೊಟ್ಟು, ನಿಮ್ಮ ತಪ್ಪನ್ನು ತಿದ್ದಿ, ಮುಂದಿನ ಭೇಟಿಯವರೆಗೆ ಅಭ್ಯಾಸಕ್ಕೆ ಕೆಲಸ ಕೊಡುತ್ತಾರೆ. ದಿನವೂ ಬಂದು ಗೇಟಿನಿಂದಲೇ ನಾಯಿಯನ್ನು ಕರೆದುಕೊಂಡು ಹೋಗಿ ಅರ್ಧ ಗಂಟೆಯಲ್ಲಿ ತಂದುಬಿಡುವವರಿಂದ ನಾಯಿಗೆ ನಡಿಗೆ ಆಗುತ್ತದೆ, ಅಷ್ಟೇ. ಅಜ್ಜಿ ತುಳುವಿನಲ್ಲಿ ‘ಬಲ’ ಎನ್ನುತ್ತಾರೆ, ಅಪ್ಪ ‘ಬಾ’ ಎನ್ನುತ್ತಾರೆ, ಮಗಳು ‘ಕಮ್’ ಎನ್ನುತ್ತಾಳೆ. ನಾಯಿಗೆ ಭಾಷೆ ಯಾವುದಾದರೂ ಆದೀತು, ಮನೆಮಂದಿಯೆಲ್ಲ ಒಂದೇ ಶಬ್ದವನ್ನು ಬಳಸಬೇಕು. ಮೊದಲ ಭೇಟಿಯಲ್ಲೇ ಎಲ್ಲರನ್ನೂ ಚಾವಡಿಯಲ್ಲಿ ಕೂರಿಸಿ ಈ ಶಬ್ದಗಳನ್ನು ನಿಗದಿಪಡಿಸುವವರು ಸಿಕ್ಕಿದರೆ ಅವರನ್ನು ಬಿಡಬೇಡಿ.

ಹಣ, ಕಾಗದ, ಮತ್ತು ದೂರು

ಮೂರು ತಿಂಗಳ ಶುಲ್ಕವನ್ನು ಒಮ್ಮೆಲೇ ಕೊಡಬೇಡಿ. ಮೊದಲು ಒಂದೆರಡು ತರಗತಿಗಳಿಗೆ ಮಾತ್ರ ಕೊಟ್ಟು, ಬಳಿಕ ಕಂತಿನಲ್ಲಿ ಕೊಡುವ ಒಪ್ಪಂದ ಮಾಡಿಕೊಳ್ಳಿ. ಎಷ್ಟು ತರಗತಿ, ಏನೇನು ಕಲಿಸುವುದು, ಮಳೆಯಿಂದ ತಪ್ಪಿದ ತರಗತಿಯ ಲೆಕ್ಕವೇನು (ಜೂನಿನಿಂದ ಸೆಪ್ಟೆಂಬರ್ ತನಕ ಈ ಪ್ರಶ್ನೆ ಏಳದ ವಾರವಿಲ್ಲ), ಬಿಟ್ಟರೆ ಉಳಿದ ಹಣ ಮರಳಿಸುವರೇ, ಯಾವ ಸಲಕರಣೆಗಳನ್ನು ಬಳಸುವುದಿಲ್ಲ ಎಂಬುದನ್ನೆಲ್ಲ ವಾಟ್ಸ್‌ಆ್ಯಪ್ ಸಂದೇಶದಲ್ಲಾದರೂ ಬರೆಸಿಕೊಳ್ಳಿ. ಹಣವನ್ನು ಯುಪಿಐ ಮೂಲಕ ಕೊಟ್ಟರೆ ದಾಖಲೆ ತಾನಾಗಿ ಉಳಿಯುತ್ತದೆ.

ತರಬೇತಿ ಶುರುವಾದ ಮೇಲೆ ನಾಯಿಯನ್ನೇ ಕೇಳಿ. ತರಬೇತುದಾರರ ಬೈಕಿನ ಸದ್ದಿಗೆ ಗೇಟಿನತ್ತ ಓಡಿಬರುತ್ತದೆಯೋ, ಹಿಂದಿನ ಬಾಗಿಲಿನ ಕಡೆ ಸರಿಯುತ್ತದೆಯೋ? ಕೈ ಎತ್ತಿದರೆ ತಲೆ ತಗ್ಗಿಸುತ್ತದೆಯೇ? ಎರಡನೆಯ ಬಗೆಯದು ಕಂಡರೆ ಕಂತು ಮುಗಿಯುವವರೆಗೆ ಕಾಯದೆ ಅಂದೇ ನಿಲ್ಲಿಸಿ, ಕೊಟ್ಟ ಹಣಕ್ಕಾಗಿ ನಾಯಿಯನ್ನು ಮತ್ತೆ ಅವರ ಕೈಗೆ ಕೊಡಬೇಡಿ.

ಮಾತಿನಂತೆ ನಡೆಯದೆ ಹಣವನ್ನೂ ಮರಳಿಸದಿದ್ದರೆ ಅದು ಸೇವಾ ನ್ಯೂನತೆಯ ದೂರಾಗುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮೊದಲು ಕರೆ ಮಾಡಬಹುದು. ಅಲ್ಲಿ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿಗಳ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಘಟನೆ ನಡೆದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಹೊಡೆತ, ಗಾಯ, ಹಸಿವಿನಲ್ಲಿಟ್ಟದ್ದು ಕಂಡುಬಂದರೆ ಅದು ಹಣದ ವಿಷಯವಾಗಿ ಉಳಿಯುವುದಿಲ್ಲ: ಅದೇ ದಿನ ಪಶುವೈದ್ಯರಿಗೆ ತೋರಿಸಿ ಗಾಯದ ವಿವರವನ್ನು ಲಿಖಿತವಾಗಿ ಪಡೆದು, ಫೋಟೊಗಳೊಂದಿಗೆ ಹತ್ತಿರದ ಪೊಲೀಸ್ ಠಾಣೆಗೆ 1960ರ ಕಾಯ್ದೆಯ 11ನೆಯ ಸೆಕ್ಷನ್ನನ್ನು ಹೆಸರಿಸಿ ಬರವಣಿಗೆಯಲ್ಲಿ ದೂರು ಕೊಟ್ಟು, ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ಆ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕಿರುವ ದಂಡ ಹತ್ತರಿಂದ ಐವತ್ತು ರೂಪಾಯಿ ಮಾತ್ರ, ಅದನ್ನು ಕೇಳಿ ನಗು ಬರುವುದು ಸಹಜ. ಆದರೂ ದೂರು ಕೊಡಿ, ಏಕೆಂದರೆ ಮುಂದೆ ಅದೇ ವ್ಯಕ್ತಿಯ ವಿರುದ್ಧ ಇನ್ನೊಬ್ಬರು ಠಾಣೆಗೆ ಹೋದಾಗ ನಿಮ್ಮ ದೂರು ಅಲ್ಲಿ ದಾಖಲೆಯಾಗಿರುತ್ತದೆ.